ಬಚ್ಚಲ ಹೊಸಿಲು

ಯಶವಂತಪುರದ ನಮ್ಮ ಮನೆಯನ್ನು ತಂದೆಯವರು 1968ರಲ್ಲಿ ಕಟ್ಟಿಸಿದಾಗ ಅವರಿಗೆ ನಲವತ್ತು ವರ್ಷ. ಮಳೆನೀರು ಒಳಗೆ ನುಗ್ಗದಿರಲೆಂದು ನೆಲವನ್ನು ರಸ್ತೆಗಿಂತ ಒಂದೂವರೆ ಅಡಿ ಎತ್ತರಿಸಿದರು. ಏರಲು ಮೂರು ಕಲ್ಲಿನ ಮೆಟ್ಟಿಲು, ಕೋಣೆಗೊಂದು ಹೊಸಿಲು, ಕೆಂಪು ಗಾರೆಯ ನುಣುಪು ನೆಲ. ಮನೆ ಕಟ್ಟಿಸುವವರು ತಮ್ಮ ಆಗಿನ ಕಾಲುಗಳ ಬಲಕ್ಕೆ ತಕ್ಕಂತೆಯೇ ಕಟ್ಟಿಸುತ್ತಾರೆಂಬುದು ನನಗೆ ಹೊಳೆದದ್ದು 2015ರಲ್ಲಿ. ಎಪ್ಪತ್ತೆಂಟು ವರ್ಷದ ನಮ್ಮ ತಾಯಿಯವರು ಅಂದು ಬೆಳಗಿನ ಜಾವ, ಸುಮಾರು ಅರ್ಧ ಶತಮಾನದಿಂದ ದಾಟಿ ಅಭ್ಯಾಸವಾಗಿದ್ದ ಬಚ್ಚಲುಮನೆಯ ಹೊಸಿಲನ್ನೇ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಮಣಿಕಟ್ಟಿಗೇ ಮುಗಿದದ್ದು ನಮ್ಮ ಪುಣ್ಯ. ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ನನಗೆ ಒಮ್ಮೆಲೇ ಉತ್ಸಾಹ ಬಂದಿತು. ಗಾರೆ ಕೆಲಸದವರನ್ನು ಕರೆತಂದು, ಮನೆಯ ಹೊಸಿಲುಗಳನ್ನೆಲ್ಲ ಕಿತ್ತುಹಾಕಲು ಹೇಳಿದೆ. ಕೈಗೆ ಕಟ್ಟು ಹಾಕಿಸಿಕೊಂಡಿದ್ದ ತಾಯಿಯವರು ಎದುರು ಬಾಗಿಲಲ್ಲಿ ನಿಂತು, "ಯಾರನ್ನು ಕೇಳಿ ಒಡೆಸುತ್ತಿದ್ದೀಯಪ್ಪಾ?" ಎಂದರು. ಶುಕ್ರವಾರ ಶುಕ್ರವಾರ ಅರಿಸಿನ ಕುಂಕುಮ ಕಂಡ ಹೊಸಿಲು ಅದು. ಕೆಲಸದವರನ್ನು ಹಿಂದಕ್ಕೆ ಕಳುಹಿಸಿ, ಎರಡು ದಿನ ಸುಮ್ಮನೆ ಅವರ ಹಿಂದೆ ಓಡಾಡಿದೆ. ಅಡಿಗೆಮನೆ ಹೊಕ್ಕುವಾಗ ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿಯುತ್ತಿತ್ತು. ಬಚ್ಚಲಲ್ಲಿ, ಎರಡು ಸಣ್ಣ ಮೊಳೆಗಳ ಮೇಲೆ ನಿಂತಿದ್ದ ಟವೆಲು ಕಂಬಿಯನ್ನು! ಕೈ ಎಲ್ಲೆಲ್ಲಿ ಆಸರೆ ಅರಸಿತೋ ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡೆ. ಆ ಗುರುತುಗಳೇ ನಮಗೆ ನಕ್ಷೆಯಾದವು.

ಅಲ್ಲಿ ಒಂದೂವರೆ ಅಂಗುಲ ದಪ್ಪದ ಉಕ್ಕಿನ ಹಿಡಿಕಂಬಿಗಳನ್ನು, ಗೋಡೆಯಿಂದ ಅಷ್ಟೇ ಅಂತರ ಬಿಟ್ಟು ಕೂರಿಸಿದೆವು. ತಿರುಪು ಟೈಲ್ಸನ್ನು ದಾಟಿ ಇಟ್ಟಿಗೆಯೊಳಕ್ಕೆ ಆಳವಾಗಿ ಇಳಿಯಬೇಕು. ಇಲ್ಲವಾದರೆ ಆಸರೆ ಹಿಡಿದವರೊಡನೆ ಆಸರೆಯೂ ಬೀಳುತ್ತದೆ. ಬಚ್ಚಲ ಹೊಸಿಲನ್ನು ಮಾತ್ರ ತಾಯಿಯವರ ಒಪ್ಪಿಗೆ ಪಡೆದು ತೆಗೆಸಿ, ನೀರು ಹೊರಗೆ ಹರಿಯದಂತೆ ನೆಲಕ್ಕೆ ಒಳಮುಖವಾಗಿ ವಾಟ ಕೊಡಿಸಿದೆವು. ಒರಟು ಮೈಯ ಟೈಲ್ಸು ಹಾಸಿದೆವು. ಬಾಗಿಲು ಹೊರಕ್ಕೆ ತೆರೆಯುವಂತಾಯಿತು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ನೆರವಿಗೆ ಹೋಗುವವರು ಏನು ಮಾಡಬೇಕು? ಸ್ನಾನಕ್ಕೊಂದು ಗಟ್ಟಿ ಸ್ಟೂಲು, ಕುಳಿತಾಗ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಎತ್ತರದ ಕಮೋಡು ಬಂದವು. ಕತ್ತಲೆಗೆ ರಾತ್ರಿಯಿಡೀ ಉರಿಯುವ ಪುಟ್ಟ ದೀಪವೊಂದು ಬಂದಿತು. ಮುಪ್ಪಿನ ಕಣ್ಣಿಗೆ ಎಳೆಯರಿಗಿಂತ ಬಹಳ ಹೆಚ್ಚು ಬೆಳಕು ಬೇಕು. ನಾವೋ ಮಿತವ್ಯಯದ ಹೆಸರಿನಲ್ಲಿ ಅವರ ಓಣಿಯ ದೀಪವನ್ನೇ ಮೊದಲು ಆರಿಸುತ್ತೇವೆ.

ಇಳಿಜಾರು ದಾರಿ ಮಾತ್ರ ಸಾಧ್ಯವಾಗಲಿಲ್ಲ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ನಿಯಮ. ಒಂದೂವರೆ ಅಡಿಗೆ ಹದಿನೆಂಟು. ಮೂವತ್ತು ನಲವತ್ತರ ನಿವೇಶನದಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಆರಾರು ಅಂಗುಲದ ಮೂರು ಮೆಟ್ಟಿಲನ್ನು ಒಡೆದು, ನಾಲ್ಕೂವರೆ ಅಂಗುಲದ ನಾಲ್ಕು ಅಗಲ ಮೆಟ್ಟಿಲು ಮಾಡಿಸಿದೆವು.

ಮೆಟ್ಟಿಲಂಚಿನ ಹಳದಿ ಪಟ್ಟಿ ತಾಯಿಯವರದೇ ಸಲಹೆ. ಯಶವಂತಪುರದಲ್ಲಿ ಮೆಟ್ರೋ ನಿಲ್ದಾಣ 2014ರಲ್ಲೇ ಆರಂಭವಾಗಿದ್ದರೂ ಅವರು ಅಲ್ಲಿಗೆ ಮೊದಲು ಹೋದದ್ದು ಕೈ ಗುಣವಾದ ಮೇಲೆ. ಪ್ಲಾಟ್‌ಫಾರಂ ಅಂಚಿನ ಹಳದಿ ಗೆರೆಯನ್ನು ನೋಡಿ, "ಹತ್ತು ನಿಮಿಷ ನಿಲ್ಲುವವರಿಗೇ ಇಷ್ಟು ಎಚ್ಚರ ಹೇಳುತ್ತಾರೆ, ದಿನವೂ ಹತ್ತಿಳಿಯುವ ನಮ್ಮ ಮೆಟ್ಟಿಲಿಗೆ ಬೇಡವೇನೋ?" ಎಂದರು. ಮರುದಿನವೇ ಬಣ್ಣ ತಂದೆ.

ಎದುರು ಬಾಗಿಲ ಹೊಸಿಲು ಹಾಗೆಯೇ ಉಳಿಯಿತು. ಪಕ್ಕದಲ್ಲಿ ನೆಟ್ಟಗೆ ಒಂದು ಹಿಡಿಕಂಬಿ. "ನನಗೇನು ಕೈಕಾಲು ಬಿದ್ದುಹೋಗಿದೆಯೇ?" ಎಂದು ಮೊದಲ ವಾರ ಅದನ್ನು ಮುಟ್ಟದಿದ್ದವರು, ಆಮೇಲೆ ಮೊಮ್ಮಕ್ಕಳು ಯಾರಾದರೂ ಅದರ ಮೇಲೆ ಒದ್ದೆ ಟವೆಲು ಹರವಿದರೆ ಗದರತೊಡಗಿದರು.