ಭೀಮೆಯ ಮೀನು ಕಾವೇರಿಗೆ ಹೋದ ಕಥೆ

ಶಹಾಪುರದಿಂದ ಯಾದಗಿರಿಗೆ ಬರುವಾಗ ದಾಟುವ ಭೀಮೆಯಲ್ಲಿ ಪುಣೆಯ ಮುಳಾ–ಮುಠೆಯ ನೀರೂ ಇದೆ, ಆಳಂದಿಯ ಇಂದ್ರಾಯಣಿಯ ನೀರೂ ಇದೆ. ಪುಣೆಯ ಮುಳಾ–ಮುಠೆಯಲ್ಲಿ ಕಂಡ ದೊಡ್ಡ ಹುರುಪೆಯ ಮೀನೊಂದನ್ನು 1839ರಲ್ಲಿ ಸೈಕ್ಸ್ ಎಂಬ ಸೈನ್ಯಾಧಿಕಾರಿ ಶಾಸ್ತ್ರೀಯವಾಗಿ ವರ್ಣಿಸಿದ. ಅದೇ ಇಂದಿನ ನೀಲಿರೆಕ್ಕೆಯ ಮಹಶೀರ್, ‘ಟಾರ್ ಖುದ್ರಿ’. ಅಂದರೆ ನಮ್ಮ ಹೊಳೆಯ ಬಳಗದ್ದೇ. ದಕ್ಷಿಣಕ್ಕೆ ಹೋಗಿ ಅದು ಮಾಡಿದ ರಾದ್ಧಾಂತ ಮಾತ್ರ ನಮ್ಮ ಸುರಪುರ, ಶಹಾಪುರದ ಕಡೆ ಮಾತಿಗೆ ಬರುವುದೇ ಅಪರೂಪ.

ಕಾವೇರಿಗೆ ಸ್ವಂತ ಮಹಶೀರ್ ಇತ್ತು. ಗೂನುಬೆನ್ನು, ಕಿತ್ತಳೆ ರೆಕ್ಕೆ. ಸತ್ತ ಹುಲಿಗಳನ್ನು ಹದಮಾಡಿ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಹತ್ತಿರ ಹತ್ತಿರ 54 ಕಿಲೊ! ಆಮೇಲೆ ಅಣೆಕಟ್ಟುಗಳು ಬಂದವು, ಸಿಡಿಮದ್ದು ಎಸೆದು ಮೀನು ಹಿಡಿಯುವ ಚಾಳಿ ಬಂತು. ಹೊಳೆಗೆ ಮತ್ತೆ ಮೀನು ತುಂಬಿಸೋಣ ಎಂಬ ಸದುದ್ದೇಶವೂ ಬಂತು. ಇಂದ್ರಾಯಣಿ ದಂಡೆಯ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ ಖುದ್ರಿಯ ಮರಿ ಮಾಡಿಸುತ್ತಿತ್ತು. ಆ ತಳಿ ದೇಶದ ಎಷ್ಟೋ ಹೊಳೆಗಳನ್ನು ಸೇರಿತು, ಕಾವೇರಿಯನ್ನೂ.

ಕಾವೇರಿ ದಂಡೆಯ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯ ಶಿಬಿರಗಳಿಗೆ ವಿದೇಶಿ ಗಾಳಗಾರರು ಬಂದರು. ರಾಗಿಮುದ್ದೆಯನ್ನೇ ಗಾಳಕ್ಕೆ ಮೆತ್ತುವುದು, ಹರಿಗೋಲಿನಲ್ಲಿ ಮೀನಿನ ಬೆನ್ನು ಹತ್ತುವುದು, ತೂಕ ಬರೆದುಕೊಂಡು ನೀರಿಗೆ ಬಿಡುವುದು. ಕಳ್ಳಬೇಟೆ ಬಿಟ್ಟವರಿಗೆ ಅಲ್ಲೇ ಕೂಲಿ. ಚೆನ್ನಾಗಿಯೇ ನಡೆದಿತ್ತು. ಆದರೆ ಜಾಗ ಕಾವೇರಿ ವನ್ಯಜೀವಿಧಾಮದ್ದು. ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ಅರ್ಥ ಗಟ್ಟಿಯಾಗಿ, 2012ರ ಹೊತ್ತಿಗೆ ಎಲ್ಲ ನಿಂತಿತು. ಜಟಾಪಟಿ ಶುರುವಾದದ್ದೇ ಆಗ. ನಾವಿದ್ದದ್ದರಿಂದ ಸಿಡಿಮದ್ದಿನವರು ದೂರ ಇದ್ದರು, ಅಳಿವಿನಂಚಿನ ಮೀನು ಉಳಿದಿತ್ತು ಎಂದು ಗಾಳದ ಪರ ಇದ್ದವರ ವಾದ. ಅದರಲ್ಲಿ ಹುರುಳೂ ಇತ್ತು.

ಇಂಥ ಜಗಳ ಬೇರೆ ಕಡೆಯೂ ಇದೆ. ದಕ್ಷಿಣ ಆಫ್ರಿಕದಲ್ಲಿ ಟ್ರೌಟ್ ಮೀನನ್ನು ಆಕ್ರಮಣಕಾರಿ ತಳಿಗಳ ಪಟ್ಟಿಗೆ ಸೇರಿಸಹೊರಟ ಸರ್ಕಾರದ ಜೊತೆ ಗಾಳಗಾರರು ವರ್ಷಗಟ್ಟಲೆ ಜಗಳವಾಡಿದ್ದಾರೆ. ಅಲ್ಲಿ ಟ್ರೌಟ್ ಪರದೇಶದ್ದೆಂದು ಎರಡೂ ಕಡೆಯವರಿಗೆ ಗೊತ್ತು. ಇಲ್ಲಿ ಹಾಗಲ್ಲ, ಕಾವೇರಿಯಲ್ಲಿ ಸಿಕ್ಕ ಮಹಶೀರ್ ಎಲ್ಲ ಕಾವೇರಿಯದ್ದೇ ಎಂಬಂತೆ ಮಾತು ನಡೆಯಿತು.

ಗುಟ್ಟು ರಟ್ಟಾದದ್ದು ಗಾಳಗಾರರದೇ ಲೆಕ್ಕಪುಸ್ತಕದಿಂದ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಜಾಲಾಡಿ 2015ರಲ್ಲಿ ಪ್ರಕಟಿಸಿದರು. 23,620 ತಾಸಿನ ಗಾಳ, 6,161 ಮಹಶೀರ್. ಮೀನಿನ ಸಂಖ್ಯೆ ಏರುತ್ತ ಹೋಗಿತ್ತು, ಸರಾಸರಿ ತೂಕ ಇಳಿಯುತ್ತ ಹೋಗಿತ್ತು. ಹೆಚ್ಚಿದ್ದು ನೀಲಿರೆಕ್ಕೆಯದು. ಗೂನುಬೆನ್ನಿನದು ಕಾಣೆಯಾಗುತ್ತ ಬಂದಿತ್ತು. ಗಾಳ ಹಾಕುವುದು ಮೀನಿಗೆ ಒಳ್ಳೆಯದು ಎಂದು ಸಾರುತ್ತಿದ್ದವರ ಸಾಕ್ಷಿಪುಸ್ತಕವೇ, ಬಿಟ್ಟ ಮರಿಗಳ ವಿರುದ್ಧವೂ ಸಾಕ್ಷಿ ಹೇಳಿತು.

ಸಿಟ್ಟು ಬರುವುದು ಇನ್ನೊಂದಕ್ಕೆ. ಅಷ್ಟು ದೊಡ್ಡ ಗೂನುಬೆನ್ನಿನ ಮೀನಿಗೆ 2018ರವರೆಗೆ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ರಕ್ಷಣೆಯ ಯಾವ ಪಟ್ಟಿಗೆ ಸೇರಿಸುವುದು? ಆ ವರ್ಷ ಅದನ್ನು ‘ಟಾರ್ ರೆಮಾದೇವಿ’ ಎಂದು ಗುರುತಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ತುತ್ತತುದಿಯ ವರ್ಗಕ್ಕೆ ಹಾಕಿತು, ಭೀಮೆಯ ಬಳಗದ ಖುದ್ರಿಯನ್ನು ಅಳಿವಿನಂಚಿನ ಪಟ್ಟಿಯಿಂದ ಕೆಳಗಿಳಿಸಿತು.