ಕೋಲಿಗಿಂತ ಮೊದಲು ಕಲ್ಲು

ಪೂಲ್ ಅಥವಾ ಸ್ನೂಕರ್ ಆಟದ ರುಚಿ ಹತ್ತಿದವರ ಮಾತು ಬಹುಬೇಗ ಕ್ಯೂ ಕಡೆಗೆ ಹೊರಳುತ್ತದೆ. ಯಾವ ಕಂಪನಿಯದು, ಎಷ್ಟು ತೂಕ, ಒಂದೇ ಕೋಲೋ ನಡುವೆ ಜೋಡಿಸುವಂಥದೋ, ಎಷ್ಟು ಬಿತ್ತು? ಟೇಬಲ್ ಬಗ್ಗೆ ಇಷ್ಟು ಕೇಳುವವರು ಕಡಿಮೆ. ಇದು ತಲೆಕೆಳಗಾದ ಕ್ರಮ. ಮೊದಲು ನೋಡಬೇಕಾದ್ದು ಬಟ್ಟೆಯ ಅಡಿಯ ಕಲ್ಲು, ಆಮೇಲೆ ಕುಶನ್, ಬಟ್ಟೆ, ಬಾಲು. ಕ್ಯೂ ಸರದಿ ಕೊನೆಗೆ. ಮುನಿರಾಬಾದ್, ಗಂಗಾವತಿ, ಯಲಬುರ್ಗಾದಂಥ ಊರುಗಳಲ್ಲಿ ಟೇಬಲ್ ಹಾಕುವ ಯೋಚನೆ ಇರುವವರಿಗಂತೂ ಈ ಕ್ರಮ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ. ಇಲ್ಲಿನ ನೆಲ ಮತ್ತು ಹವೆ ಎರಡೂ ಟೇಬಲ್ಲನ್ನು ಪರೀಕ್ಷೆಗೊಡ್ಡುತ್ತವೆ.

ಹಿಂದೆ ಬಿಲಿಯರ್ಡ್ಸ್ ಟೇಬಲ್ಲಿನ ಹಾಸು ಮರದ್ದೇ ಆಗಿತ್ತು. ಮರ ಹವೆಗೆ ತಕ್ಕಂತೆ ಉಬ್ಬುತ್ತದೆ, ಸೊಟ್ಟಗಾಗುತ್ತದೆ. ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಸ್ಲೇಟ್ ಕಲ್ಲನ್ನು ಹಾಸಿದ ಮೇಲೆ ಆಟದ ಗತಿಯೇ ಬದಲಾಯಿತು. ಮಕ್ಕಳು ಬಳಪ ಹಿಡಿದು ಬರೆಯುತ್ತಿದ್ದ ಪಾಟಿಯ ಜಾತಿಯದೇ ಈ ಕಲ್ಲು. 12 ಅಡಿ ಉದ್ದ, 6 ಅಡಿ ಅಗಲದ ಪೂರ್ಣ ಅಳತೆಯ ಸ್ನೂಕರ್ ಟೇಬಲ್ಲಿಗೆ ಸಾಮಾನ್ಯವಾಗಿ ಐದು ಹಲಗೆ, ಪೂಲ್ ಟೇಬಲ್ಲಿಗೆ ಮೂರು. ಸ್ನೂಕರ್ ಟೇಬಲ್ಲಿನ ಒಟ್ಟು ತೂಕ ಒಂದು ಟನ್ನಿಗೂ ಹೆಚ್ಚು. ಕುಷ್ಟಗಿ, ಇಳಕಲ್ಲಿನ ಗ್ರಾನೈಟು ದೇಶವಿದೇಶಕ್ಕೆ ಹೋಗುವಾಗ ಅದನ್ನೇ ಏಕೆ ಹಾಸಬಾರದು ಎಂದು ನಮ್ಮ ಭಾಗದವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಲ್ಲಿ ಗಟ್ಟಿತನ ಒಂದೇ ಸಾಲದು. ಸ್ಲೇಟು ಪದರ ಪದರವಾಗಿ ಸೀಳುವ ಕಲ್ಲಾದ್ದರಿಂದ ಅಗಲವಾದ ಚಪ್ಪಟೆ ಹಲಗೆ ಸಿಗುತ್ತದೆ. ಅದನ್ನು ಉಜ್ಜಿ ಸಮ ಮಾಡುವುದು, ಬೋಲ್ಟಿಗೆ ತೂತು ಕೊರೆಯುವುದು ಗ್ರಾನೈಟಿಗಿಂತ ಸುಲಭ. ಅಗ್ಗದ ಟೇಬಲ್ಲುಗಳಲ್ಲಿ ಕಲ್ಲಿನ ಬದಲು ಒತ್ತಿದ ಮರದ ಹಲಗೆ ಇರುತ್ತದೆ. ಮಳೆಗಾಲದ ತೇವ ಹೀರಿ ಅದು ಒಮ್ಮೆ ಬಾಗಿತೆಂದರೆ ಮತ್ತೆ ನೆಟ್ಟಗಾಗುವುದಿಲ್ಲ. ಕೊಳ್ಳುವ ಮೊದಲು ಬಗ್ಗಿ, ಟೇಬಲ್ಲಿನ ಅಡಿ ನೋಡಲೇಬೇಕು.

ಕಲ್ಲು ಒಳ್ಳೆಯದಿದ್ದರೂ ಅದು ನಿಂತ ನೆಲ ಸುಮ್ಮನಿರುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆ ಮಣ್ಣು ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಂಥ ನೆಲದ ಮೇಲಿನ ಕಟ್ಟಡದಲ್ಲಿ ಟೇಬಲ್ಲಿನ ಮಟ್ಟ ಒಮ್ಮೆ ಸರಿ ಮಾಡಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಹಂಗಾಮು ಬದಲಾದಾಗ ಮತ್ತೆ ನೋಡಬೇಕು. ಬಲ್ಲವರು ಮಟ್ಟಗೋಲು ಒಂದನ್ನೇ ನಂಬದೆ ಬಾಲನ್ನೂ ಕೇಳುತ್ತಾರೆ. ಬಾಲನ್ನು ಕುಶನ್ನಿನಿಂದ ಒಂದು ಗೇಣು ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ, ಇನ್ನೇನು ನಿಲ್ಲುತ್ತದೆ ಎನ್ನುವಷ್ಟು ಮೆಲ್ಲಗೆ ಉರುಳಿಸುತ್ತಾರೆ. ಜೋರಾಗಿ ಹೊಡೆದ ಬಾಲು ಇಳಿಜಾರನ್ನು ಮುಚ್ಚಿಡುತ್ತದೆ; ಕೊನೆಯ ಒಂದು ಅಡಿಯಲ್ಲಿ ಸುಸ್ತಾದ ಬಾಲು ಮಾತ್ರ ಯಾವ ಕಡೆ ವಾಲು ಎಂದು ತೋರಿಸಿಕೊಡುತ್ತದೆ. ಹಲಗೆ ಕೂಡಿದ ಕಡೆ ಅಂಗೈ ಆಡಿಸಿದರೆ ಏಣು ಸಿಗಬಾರದು. ಕುಶನ್ನಿಗೆ ಬಡಿದ ಬಾಲು ಟೇಬಲ್ಲಿನ ಎಲ್ಲ ಕಡೆಯೂ ಒಂದೇ ತೆರನಾಗಿ ಮರಳಬೇಕು. ಒಂದು ಕಡೆ ಸಪ್ಪೆ ಸದ್ದು ಬಂದರೆ ಅಲ್ಲಿನ ರಬ್ಬರು ಸತ್ತಿದೆ ಅಥವಾ ಬಿಟ್ಟುಕೊಂಡಿದೆ ಎಂದೇ ತಿಳಿಯಬೇಕು. ಸ್ನೂಕರ್ ಬಾಲುಗಳ ವ್ಯಾಸ 52.5 ಮಿಲಿಮೀಟರ್, ಪೂಲ್ ಬಾಲುಗಳದ್ದು 57.15. ಬೇರೆ ಬೇರೆ ಸೆಟ್ಟಿನ ಬಾಲು ಬೆರೆಸಿದ ಟೇಬಲ್ಲಿನಲ್ಲಿ ಆಡಿ ಯಾರ ಕೌಶಲವನ್ನೂ ಅಳೆಯಲಾಗದು.

ಹಾಗಿದ್ದರೆ ದೊಡ್ಡ ಆಟಗಾರರು ಕ್ಯೂವನ್ನು ಜೀವದಂತೆ ಕಾಯುವುದೇಕೆ ಎಂಬ ಆಕ್ಷೇಪ ಬರುತ್ತದೆ. ಸ್ನೂಕರ್ ಆಟಗಾರ ಸ್ಟೀಫನ್ ಹೆಂಡ್ರಿ ತಮ್ಮ ಏಳು ವಿಶ್ವ ಪಟ್ಟಗಳನ್ನೂ ಒಂದೇ ಕ್ಯೂನಲ್ಲಿ ಗೆದ್ದವರು. ಅದು ಕಳುವಾದಾಗ ಹುಡುಕಿಕೊಟ್ಟವರಿಗೆ ದೊಡ್ಡ ಬಹುಮಾನ ಘೋಷಿಸಿದ್ದರು. ಆದರೆ ಅದು ಅಗ್ಗದ ಕ್ಯೂ ಆಗಿತ್ತು ಎಂಬುದು ಆಟದ ಲೋಕಕ್ಕೆಲ್ಲ ಗೊತ್ತು. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿದಾಗ ಬೇರೆ ಕ್ಯೂ ಹಿಡಿದು ಅದೇ ವರ್ಷ ಬ್ರಿಟಿಷ್ ಓಪನ್ ಗೆದ್ದರು. ವಿಶ್ವ ಪಟ್ಟ ಮಾತ್ರ ಮತ್ತೆ ಒಲಿಯಲಿಲ್ಲ. ಇದರಿಂದ ಕ್ಯೂಗೆ ಬೆಲೆಯೇ ಇಲ್ಲ ಎಂದಾಗದು. ಅದರ ಬೆಲೆ ಅಂಗಡಿಯ ಚೀಟಿಯಲ್ಲಿಲ್ಲ, ಕೈಯ ರೂಢಿಯಲ್ಲಿದೆ ಎಂದಾಗುತ್ತದೆ. ಆ ರೂಢಿ ಬೆಳೆಯಬೇಕಾದರೆ ಇಂದಿನಂತೆ ನಾಳೆಯೂ ಉರುಳುವ ಟೇಬಲ್ ಬೇಕು. ಬೆಂಗಳೂರಿನಲ್ಲಿ ಬೆಳೆದು, 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪಟ್ಟ ಗೆದ್ದ ಪಂಕಜ್ ಅಡ್ವಾಣಿಯವರಿಗೆ ಅರವಿಂದ್ ಸವೂರ್ ಅವರಂಥ ಗುರುವಿನ ಜೊತೆಗೆ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್ಲುಗಳೂ ಇದ್ದವು. ಪ್ರತಿಭೆ ಎಲ್ಲ ಊರಿನಲ್ಲೂ ಹುಟ್ಟುತ್ತದೆ. ಸಮನಾದ ಟೇಬಲ್ ಹಾಗಲ್ಲ.

ಇನ್ನೊಂದು ಆಕ್ಷೇಪ ಹೊಸ ತಂತ್ರದ್ದು. ಬಾಲಿನ ಪಕ್ಕಕ್ಕೆ ಹೊಡೆದಾಗ ಅದು ಗುರಿಯ ಗೆರೆಯಿಂದ ತುಸು ಆಚೆ ಸರಿಯುತ್ತದೆ. ಕ್ಯೂ ತುದಿಯ ತೂಕ ಇಳಿಸಿದರೆ ಈ ಸರಿತ ಕಡಿಮೆಯಾಗುತ್ತದೆ. ಇದು ಬರಿ ಜಾಹೀರಾತಿನ ಮಾತಲ್ಲ, ಅಳೆದು ತೋರಿಸಬಹುದಾದ ನಿಜ. ಆದರೆ ವಾಲಿದ ಟೇಬಲ್ಲಿನಲ್ಲಿ ಬಾಲು ತಪ್ಪಿದ್ದು ಕ್ಯೂನಿಂದಲೋ ಕಲ್ಲಿನಿಂದಲೋ ತಿಳಿಯುವುದೇ ಇಲ್ಲ. ಕ್ಯೂ ನೆಟ್ಟಗಿದೆಯೇ ಎಂದು ಟೇಬಲ್ ಮೇಲೆ ಉರುಳಿಸಿ ನೋಡುವ ರೂಢಿಗೂ ಇದೇ ತೊಡಕು; ಹಾಸೇ ಸಮವಿಲ್ಲದಿದ್ದರೆ ಅದು ಸುಳ್ಳು ಹೇಳುತ್ತದೆ. ಒಂದು ಕಣ್ಣು ಮುಚ್ಚಿ, ಹಿಡಿಯ ಕಡೆಯಿಂದ ತುದಿಯವರೆಗೆ ನೋಟ ಹಾಯಿಸಿ, ಕ್ಯೂ ತಿರುಗಿಸುತ್ತಾ ನೋಡುವುದೇ ಲೇಸು. ಸ್ನೂಕರ್ ಕ್ಯೂಗೆ ಹೆಚ್ಚಾಗಿ ಆಷ್ ಮರ, ಪೂಲಿಗೆ ಮೇಪಲ್. ಆಷ್ ಮರದ ಮೇಲೆ ಬಾಣದ ಮೊನೆಯಂಥ ಗೆರೆಗಳು ಕಾಣುತ್ತವೆ. ಅನೇಕರು ಅವನ್ನು ಮೇಲ್ಮುಖವಾಗಿಟ್ಟು, ಪ್ರತಿಸಲ ಒಂದೇ ರೀತಿ ಹಿಡಿಯುತ್ತಾರೆ. ಚರ್ಮದ ಟಿಪ್ ಸವೆದು ಚಪ್ಪಟೆಯಾಗಿದ್ದರೆ ಎಷ್ಟು ದುಬಾರಿ ಕ್ಯೂ ಆದರೂ ಜಾರುತ್ತದೆ, ಹೊಸ ಟಿಪ್ಪಿಗೆ ತಗಲುವ ಖರ್ಚೋ ಅಲ್ಪ.

ದುಡ್ಡು ಸಾಲದಲ್ಲ, ಟೇಬಲ್ಲಿಗೆ ಅಷ್ಟು ಸುರಿಯುವವರು ಯಾರು ಎಂಬ ಮಾತು ನಿಜ. ಕ್ಯೂ ಒಬ್ಬರ ಸ್ವತ್ತು, ಟೇಬಲ್ ಹತ್ತಾರು ಜನರದ್ದು. ಆದ್ದರಿಂದಲೇ ನಾಲ್ಕೈದು ಗೆಳೆಯರು ದುಬಾರಿ ಕ್ಯೂಗೆಂದು ತೆಗೆದಿಟ್ಟ ಹಣವನ್ನು ಕೂಡಿಸಿ ಹೊಸ ಬಟ್ಟೆ ಹಾಕಿಸಿದರೆ, ಮಟ್ಟ ಮಾಡಿಸಿದರೆ ಎಲ್ಲರ ಆಟವೂ ಒಟ್ಟಿಗೆ ಏಳುತ್ತದೆ. 40 ಡಿಗ್ರಿ ಮುಟ್ಟುವ ಬೇಸಿಗೆ, ತೆರೆದ ಬಾಗಿಲಿನಿಂದ ನುಗ್ಗುವ ಧೂಳು, ಉದುರಿದ ಚಾಕ್ ಪುಡಿ ಎಲ್ಲ ಸೇರಿ ಉಣ್ಣೆಯ ಬಟ್ಟೆಯನ್ನು ತಿನ್ನುತ್ತವೆ. ಸ್ನೂಕರ್ ಬಟ್ಟೆಯ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಬ್ರಷ್ ಆಡಿಸುವುದು ಮೊದಲ ಹೊಡೆತ ಹೊಡೆಯುವ ತುದಿಯಾದ ಬಾಕ್ ಕಡೆಯಿಂದ ಕಪ್ಪು ಬಾಲಿನ ಕಡೆಗೆ ಮಾತ್ರ, ಅದೂ ದಿನಾಲು, ಆಟ ಶುರುವಾಗುವ ಮೊದಲೇ.