ಜೀರ್ಣ ಯಂತ್ರಬಾಹುವಿನ ಪುನರುದ್ಧಾರ

ನೇತ್ರಾವತಿ ಕುಮಾರಧಾರೆಗಳ ಸಂಗಮದೂರಾದ ಉಪ್ಪಿನಂಗಡಿಯನ್ನು ಹಾದು ಶಿರಾಡಿ ಘಾಟಿಯನ್ನೇರುವ ರಾಷ್ಟ್ರೀಯ ಹೆದ್ದಾರಿ 75, ಮಂಗಳೂರನ್ನು ಬೆಂಗಳೂರಿನ ಉದ್ಯಮಗಳಿಗೆ ಬೆಸೆಯುವ ಮಾರ್ಗವಾದುದರಿಂದ, ಯಂತ್ರಗಳನ್ನು ಹೊತ್ತ ಲಾರಿಗಳು ಇಲ್ಲಿಯ ಜನರಿಗೆ ಅಪರಿಚಿತವಲ್ಲ. ಆದರೆ ಬೆಂಗಳೂರಿನ ಆಸುಪಾಸಿನ ಪೀಣ್ಯ, ಬಿಡದಿಗಳಂಥ ಕಡೆಗಳಲ್ಲಿ ಬೆಸುಗೆಯಿಕ್ಕುತ್ತ, ಭಾರವೆತ್ತುತ್ತ ದುಡಿಯುವ ರೋಬಾಟುಗಳಿಗೆ ಮುಪ್ಪು ಬಂದಾಗ ಯಾವ ಗತಿಯೆಂಬುದನ್ನು ವಿಚಾರಿಸಿದವರು ವಿರಳ.

1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕಾದ ಎರಕಗಳನ್ನೆತ್ತಲು ನಿಯುಕ್ತವಾದ ‘ಯುನಿಮೇಟ್’ ಈ ಕುಲದ ಆದಿಪುರುಷ. ಅಂದಿನಿಂದಲೂ ರೋಬಾಟು ನಿವೃತ್ತವಾಗುವುದು ಅನೇಕ ವೇಳೆ ಸವೆದುದರಿಂದಲ್ಲ. ಕಾರಿನ ಮಾದರಿ ಬದಲಾಗಿ ಉತ್ಪಾದನೆಯ ಸಾಲನ್ನೇ ಕಳಚುವುದರಿಂದ.

ಹೀಗೆ ನಿವೃತ್ತವಾದ ರೋಬಾಟಿನ ಪುನರುದ್ಧಾರದ ಕ್ರಮ ದೇವಾಲಯದ ಜೀರ್ಣೋದ್ಧಾರವನ್ನು ಹೋಲುತ್ತದೆ: ಶಿಲೆಯ ಗರ್ಭಗುಡಿಯನ್ನುಳಿಸಿಕೊಂಡು ಗೆದ್ದಲು ಹಿಡಿದ ಪಕಾಸುಗಳನ್ನು ಬದಲಿಸುವಂತೆ, ಎರಕದ ಬಾಹುವನ್ನು ಹಾಗೆಯೇ ಇಟ್ಟುಕೊಂಡು ಅದರ ಸಂಧಿಗಳನ್ನು ನವೀಕರಿಸುತ್ತಾರೆ. ಸಾಮಾನ್ಯವಾಗಿ ಆರಿರುವ ಈ ಸಂಧಿಗಳಲ್ಲಿ ಮೋಟಾರಿನ ವೇಗವನ್ನಿಳಿಸಿ ಬಲವನ್ನು ಹೆಚ್ಚಿಸುವ ಗೇರುಪೆಟ್ಟಿಗೆಗಳಿವೆ. ಸವೆತದ ಮೊದಲ ಸುಳಿವು ಇವುಗಳ ಗ್ರೀಸಿನಲ್ಲಿಯೇ ದೊರೆಯುತ್ತದೆ. ಅದರಲ್ಲಿ ಬೆರೆತ ಕಬ್ಬಿಣದ ಹುಡಿ ಮಿತಿಮೀರಿದರೆ ಹಲ್ಲುಗಳು ತೇಯುತ್ತಿವೆಯೆಂದೇ ಅರ್ಥ. ಹಲ್ಲುಗಳ ನಡುವಣ ಸಡಿಲು ಹೆಚ್ಚಿದಂತೆ ಬಾಹುವಿನ ತುದಿ ಗುರಿತಪ್ಪುತ್ತದೆ. ತಿರುಚಿ ತಿರುಚಿ ಬಳಲಿದ ಕೇಬಲುಗಳನ್ನೂ, ಸಂಧಿಗಳ ಸ್ಥಾನದ ನೆನಪನ್ನು ಅಳಿಯದಂತೆ ಕಾಯುವ ಬ್ಯಾಟರಿಗಳನ್ನೂ ಬದಲಿಸಿ, ಪ್ರತಿಯೊಂದು ಸಂಧಿಗೂ ಶೂನ್ಯಸ್ಥಾನವನ್ನು ಮರಳಿ ನಿಗದಿಪಡಿಸಿ, ಒಂದೇ ಬಿಂದುವಿಗೆ ಬಾಹು ಎಷ್ಟು ನಿಖರವಾಗಿ ಮತ್ತೆ ಮತ್ತೆ ಬರುತ್ತದೆಂಬುದನ್ನು ಅಳೆದ ಬಳಿಕವೇ ಅದನ್ನು ಯೋಗ್ಯವೆನ್ನಬೇಕು. ಈ ಮಾಪನಕ್ಕೆ ಐಎಸ್ಒ 9283 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ಕಬ್ಬಿಣಕ್ಕಿಂತ ಬೇಗ ಮುದಿಯಾಗುವುದು ಬಾಹುವನ್ನು ನಡೆಸುವ ನಿಯಂತ್ರಕ. ಅದರ ಬಿಡಿಭಾಗಗಳ ತಯಾರಿಕೆ ನಿಂತುಹೋದರೆ ಗಟ್ಟಿಮುಟ್ಟಾದ ಬಾಹುವೂ ಅನಾಥವೇ. ಯಂತ್ರದ ಸುತ್ತಣ ಬೇಲಿಯ ಬಾಗಿಲು ತೆರೆದೊಡನೆ ಅದನ್ನು ತಡೆಯುವ ಸುರಕ್ಷಾವ್ಯವಸ್ಥೆಯಿಲ್ಲದ ಹಳೆಯ ನಿಯಂತ್ರಕವನ್ನು ಅಗ್ಗವೆಂದು ಉಳಿಸಿಕೊಳ್ಳುವುದು, ಕೆಲಸಗಾರನ ಪ್ರಾಣವನ್ನೇ ಪಣವಿಟ್ಟಂತೆ; ಇಂಥ ಮಿತವ್ಯಯವನ್ನು ನಾನೆಂದಿಗೂ ಒಪ್ಪಲಾರೆ.

ಫ್ರಾನ್ಸಿನ ರೆನೊ ಸಂಸ್ಥೆ ತನ್ನ ಫ್ಲಾನ್ ಕಾರ್ಖಾನೆಯಲ್ಲಿ ಹಳೆಯ ರೋಬಾಟುಗಳನ್ನು ಸಜ್ಜುಗೊಳಿಸುವ ಕಾರ್ಯವನ್ನು ಕೈಗೊಂಡಿದೆ. ಹೀಗೆ ಮತ್ತೆ ಸಜ್ಜಾದ ಬಾಹುಗಳಿಗೆ ಕೂದಲೆಳೆಯ ನಿಖರತೆ ಎಲ್ಲ ಕೆಲಸಕ್ಕೂ ಬೇಕಿಲ್ಲವಷ್ಟೆ; ಅಡಿಕೆಯ ಮೂಟೆಗಳನ್ನು ಒಟ್ಟುವ ಬಾಹು ಒಂದೆರಡು ಮಿಲಿಮೀಟರು ಆಚೀಚೆಯಾದರೂ ನಷ್ಟವಿಲ್ಲ, ಮನುಷ್ಯನ ಬೆನ್ನಿಗೆ ಮಾತ್ರ ಹೊರೆಯಿಂದ ಬಿಡುಗಡೆಯುಂಟು.

ಬೆಂಗಳೂರಿನ ಉದ್ಯಮಿಗಳಲ್ಲಿ ನನ್ನದೊಂದು ಬಿನ್ನಹ: ಸಾಲಿನಿಂದ ಕಳಚಿದ ಬಾಹುಗಳನ್ನು ಗುಜರಿಯ ತೂಕಕ್ಕೆ ಮಾರುವ ಮುನ್ನ, ಕೆಲವನ್ನಾದರೂ ಪುತ್ತೂರು, ಸುಳ್ಯಗಳ ಎಂಜಿನಿಯರಿಂಗ್ ಕಾಲೇಜುಗಳಿಗೆ, ನಿಯಂತ್ರಕ ಮತ್ತು ಕೈಪಿಡಿಗಳ ಸಮೇತ, ಕಳುಹಿಸಿಕೊಡಿ.